ಚೌಡಪ್ಪನ ಕ್ಯಾಸೆಟ್ಟು

ತಪ್ಪು ನನ್ನದೇ. ಮೊದಲಿಗೇ ಹೇಳಿಬಿಡುತ್ತೇನೆ.
ಸುಲ್ತಾನಪೇಟೆಯ ಮೂರನೇ ಮಹಡಿ,
ಲಗ್ನಪತ್ರಿಕೆಯ ಗೋಲ್ಡ್ ಪೌಡರ್ ಕೀಬೋರ್ಡಿಗೆಲ್ಲ ಅಂಟಿದ ವೈಶಾಖ.
ಆ ವಾರವಿಡೀ ಚೌಡೇಶ್ವರಿ ಉತ್ಸವದ ಕರಪತ್ರ ಕುಟ್ಟಿದ್ದ ಬೆರಳು
ರ ಒತ್ತುವಲ್ಲಿ ಡ ಒತ್ತಿತು.
ಚೌರಪ್ಪ ಹೋಗಿ ಚೌಡಪ್ಪ ಆದ.
ಐನೂರು ಇನ್‌ಲೇ ಕಾರ್ಡು, ಎರಡು ಬಣ್ಣ,
ಒಣಗಿಸಿ, ಮಡಿಸಿ, ಡಬ್ಬಿಗೆ ತುಂಬುವಾಗ ಕಂಡಿತು.

ಏಳನೇ ಕ್ರಾಸ್ ಅಂದರೆ ಆಗ ಯಾರಿಗೆ ಗೊತ್ತಿರಲಿಲ್ಲ?
ಅರಮನೆ ಮೈದಾನ ತುಂಬಿಸುತ್ತಿದ್ದ ಐದು ಜನ.
ಹಾಡುವವನ ಕೂದಲು ಕಾಲೇಜು ಹುಡುಗರ ತಲೆಗೆ ಬಂದಿತ್ತು,
ಗಿಟಾರಿನವನು ಪೋಸ್ಟರಿನಲ್ಲಿ ಜಿಗಿಯುತ್ತಿದ್ದ.
ಅದೇ ಪೋಸ್ಟರಿನ ಬಲ ಅಂಚಿಗೆ
ಕಟಿಂಗ್ ಮಶೀನು ಅರ್ಧ ಕೊಯ್ದ ಒಂದು ಭುಜ.
ಅದು ಚೌರಪ್ಪ. ಬೇಸ್ ಬಾರಿಸುವವನು.

"ನಂದೇ ಒಂದು ಮಾಡಿದೀನಿ" ಅಂದಿದ್ದ, ಪ್ರೂಫ್ ತೆಗೆಸಲು ಬಂದಾಗ.
ಲಿಂಗರಾಜಪುರದ ಗ್ಯಾರೇಜು, ಹನ್ನೊಂದು ರಾತ್ರಿ,
ಪಕ್ಕದ ಮನೆಯ ನಾಯಿ ಮಲಗಿದ ಮೇಲೆ.
ಡ್ರಮ್ಮಿನ ಜಾಗಕ್ಕೆ ತಮಟೆ; ಕಾಯಿಸಲು ಪೇಪರು ಉರಿಸಿ
ಮಾಲೀಕನಿಂದ ಬೈಸಿಕೊಂಡರಂತೆ.
ಹಾಡು? ಅವರವ್ವ ಹಾರೋಬೆಲೆಯಿಂದ ತಂದವು,
ಶ್ರೀರಾಮಪುರದ ವಠಾರದಲ್ಲಿ ಅಗರಬತ್ತಿ ಹೊಸೆಯುತ್ತ
ತನಗೆ ತಾನೇ ಹೇಳಿಕೊಳ್ಳುತ್ತಿದ್ದವು.
ಸಾವಿರಕ್ಕೆ ಇಷ್ಟು ಪೈಸೆ. ಪದ ತಪ್ಪಿದರೆ ಎಣಿಕೆ ತಪ್ಪುತ್ತಿತ್ತಂತೆ.
ಕ್ಯಾಸೆಟ್ಟಿಗೆ ಹೆಸರು: ಸಾವಿರದ ಕಡ್ಡಿ.

ತಪ್ಪು ತೋರಿಸುವಾಗ ಬೆವರುತ್ತಿದ್ದೆ.
ಕಾಗದದ ದುಡ್ಡು ಸಂಬಳದಲ್ಲಿ ಮುರಿಯುತ್ತಿದ್ದರು ಓನರ್ರು.
ಅವನು ಕಾರ್ಡನ್ನು ಕಿಟಕಿಗೆ ಹಿಡಿದು ಓದಿದ. ಇನ್ನೊಮ್ಮೆ ಓದಿದ.
"ಇರ್ಲಿ ಬಿಡಿ. ಚೌಡಮ್ಮನೂ ನಮ್ಮೋಳೇ,
ಊರಲ್ಲಿ ಚರ್ಚಿಗೆ ಎದುರುಗಡೇನೇ ಕೂತವ್ಳೆ."
ಒಂದು ಕ್ಯಾಸೆಟ್ಟು ನನ್ನ ಮೇಜಿಗಿಟ್ಟು ಮೆಟ್ಟಿಲಿಳಿದ.

ಅಂಗಡಿಗಳಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.
ರಾಕ್ ಅನ್ನೋಣವೆಂದರೆ ತಮಟೆ,
ಜನಪದ ಅನ್ನೋಣವೆಂದರೆ ಕರೆಂಟಿನ ಗಿಟಾರು.
ಒಬ್ಬ ಹೆಸರು ನೋಡಿ ಭಕ್ತಿಗೀತೆಗೆ ಸೇರಿಸಿದ,
ಮಾದಪ್ಪನಿಗೂ ಶನಿಮಹಾತ್ಮನಿಗೂ ನಡುವೆ.
ಏಳನೇ ಕ್ರಾಸಿನವನದು ಎಂದು ಹುಡುಕಿಬಂದ ಹುಡುಗರಿಗೆ
ಚೌರಪ್ಪ ಸಿಗಲಿಲ್ಲ.
ಕೊಂಡುಹೋದ ಒಬ್ಬಾಕೆ ವಾಪಸು ತಂದಳಂತೆ:
ಇದರಲ್ಲಿ ದೇವರೇ ಇಲ್ಲ.

ನಾನು ಕೇಳಿದೆ, ಮಶೀನು ನಿಂತ ಮೇಲೆ, ಒಬ್ಬನೇ.
ಸುಳ್ಳು ಯಾಕೆ, ಮೊದಲೆರಡು ಸುಮಾರು.
ಹಾಡುಗಾರನ ಗಂಟಲಲ್ಲ ಅದು;
ಮೇಲಿನ ಸ್ವರಕ್ಕೆ ಹೋಗುವಾಗ
ಹೊರಟ ಬಸ್ಸಿನ ಹಿಂದೆ ಓಡುವ ಮುದುಕನ ಹಾಗೆ.
ಮೂರನೆಯದು ಬಂತು.
ಬರೀ ಬೇಸು, ತಮಟೆ,
ಹಿಂದೆಲ್ಲೋ ಹಲಗೆಯ ಮೇಲೆ ಅವರವ್ವನ ಅಂಗೈ,
ಸರ್ರ್, ಸರ್ರ್, ಸರ್ರ್.
ನಮ್ಮಮ್ಮನೂ ಹೊಸೆದವಳೇ.
ಕೈಯ ಕಪ್ಪು ಸತ್ತ ದಿನವೂ ಬಿಟ್ಟಿರಲಿಲ್ಲ.
ಆ ಸದ್ದಿಗೆ ಯಾರಾದರೂ ಮೈಕು ಹಿಡಿಯುತ್ತಾರೆಂದು
ನನಗೆ ಹೊಳೆದಿರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಹದಿಮೂರು ವರ್ಷ ಬಿಟ್ಟು ಬಂದ, ಮಗಳ ಮದುವೆ ಕಾರ್ಡಿಗೆ.
ಏಳನೇ ಕ್ರಾಸ್ ಆಗ ಸಿಮೆಂಟಿನ ಜಾಹೀರಾತಿಗೆ ಹಾಡುತ್ತಿತ್ತು,
ಬೇಸಿಗೆ ಬೇರೆ ಹುಡುಗ.
ಒಂದೊಂದೇ ಅಕ್ಷರ ಕುಟ್ಟಿದೆ. ಚೌ. ರ. ಪ್ಪ.
ಕನ್ನಡಕ ಹಣೆಗೇರಿಸಿ ನೋಡಿ, ನಗದೆ ಕೇಳಿದ:
"ಆ ಇನ್ನೊಬ್ಬ ಹೇಗವ್ನೆ?"
"ಯಾರು?"
"ಚೌಡಪ್ಪ."

ಡ್ರಾಯರಿನಲ್ಲಿದ್ದಾನೆ ಅಂದೆ.
ಟೇಪು ಒಂದು ಕಡೆ ಸುಕ್ಕಾಗಿದೆ, ಮುಗ್ಗರಿಸುತ್ತದೆ,
ಪೆನ್ಸಿಲ್ ಹಾಕಿ ಎಷ್ಟು ಸುತ್ತಿದರೂ ಸರಿಹೋಗದು.
"ಯಾವ ಕಡೆ?"
ಎ ಸೈಡು, ಮೂರನೆಯದು, ಕೊನೆಗೆ ಬಂದಾಗ.

"ಅದು ಸುಕ್ಕಲ್ಲ" ಅಂದ.
"ಅಲ್ಲಿ ನಮ್ಮವ್ವ ಕೆಮ್ತಾಳೆ."

ಮುನ್ನೂರು ಕಾರ್ಡಿಗೆ ಅಡ್ವಾನ್ಸು ಕೊಟ್ಟ.
ಲಕೋಟೆಗೆ ಬೇರೆ ರೇಟು ಅಂದೆ.
ಆಯ್ತು ಅಂದ.